ಬಾಡಿಗೆಯ ಹಾಡು, ಸ್ವಂತದ ಹಾಡು

2023ರ ಜುಲೈ 31ರಂದು ಹರಿಯಾಣದ ನೂಹ್‌ನಲ್ಲಿ ಗಲಭೆಯಾಯಿತು. ಅದರ ಬೆನ್ನಿಗೇ ಸರ್ಕಾರ ನೂಹ್ ಮತ್ತು ಸುತ್ತಲಿನ ಕೆಲವು ಕಡೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಿತು. ಗುರುಗ್ರಾಮ ಜಿಲ್ಲೆಯಲ್ಲಿ ಸೋಹ್ನಾ, ಪಟೌಡಿ ಮತ್ತು ಮಾನೇಸರ್ ಉಪವಿಭಾಗಗಳಿಗೂ ಈ ಆದೇಶ ತಗುಲಿತು. ಆಗಸ್ಟ್ 5ರವರೆಗೆ, ನಡುವೆ ಕೆಲವು ಗಂಟೆಗಳ ಬಿಡುವನ್ನು ಬಿಟ್ಟರೆ, ಅಲ್ಲಿನ ಫೋನುಗಳಲ್ಲಿ ಕರೆ ಹೋಗುತ್ತಿತ್ತು, ಡೇಟಾ ಇರಲಿಲ್ಲ.

ಜೀವ ಕಳೆದುಕೊಂಡವರ ಮನೆಗಳ ಮುಂದೆ ಹಾಡಿನ ಮಾತು ತೀರಾ ಸಣ್ಣದು. ಆದರೂ ಆ ದಿನಗಳು ಒಂದು ಸಣ್ಣ ಸಂಗತಿಯನ್ನು ತೋರಿಸಿಕೊಟ್ಟವು. ಮಾನೇಸರಿನ ಬಾಡಿಗೆ ಕೋಣೆಗಳಲ್ಲಿ ಯಾರ ಹಾಡು ಕಂಪನಿಯ ಸರ್ವರಿನಲ್ಲಿತ್ತೋ ಅವರ ಕಿವಿ ಖಾಲಿ. ಯಾರ ಹಾಡು ಮೆಮೊರಿ ಕಾರ್ಡಿನಲ್ಲಿತ್ತೋ ಅವರ ಪಾಲಿಗೆ, ಹಾಡಿನ ಮಟ್ಟಿಗಾದರೂ, ಏನೂ ಬದಲಾಗಿರಲಿಲ್ಲ. ಬಾಡಿಗೆಗೂ ಸ್ವಂತಕ್ಕೂ ಇರುವ ವ್ಯತ್ಯಾಸ ಇಷ್ಟೇ. ಎಲ್ಲ ಸರಿಯಿರುವಾಗ ಎರಡೂ ಒಂದೇ ಥರ ಕಾಣುತ್ತವೆ.

ಈ ಬರಹದ ವಾದವೂ ಅಷ್ಟೇ ಸರಳ. ದಿನಾ ಬೇಕಾಗುವ ಹಾಡುಗಳನ್ನು ಫೈಲುಗಳಾಗಿ ಸ್ವಂತಕ್ಕೆ ಇಟ್ಟುಕೊಳ್ಳಬೇಕು. ಅವನ್ನು ನುಡಿಸುವುದೊಂದೇ ಕೆಲಸವಾಗಿರುವ ಪುಟ್ಟ ಪ್ಲೇಯರೊಂದನ್ನು ಕೊಳ್ಳಬೇಕು. ಹಳೆಯದರ ಹಂಬಲಕ್ಕಾಗಿ ಅಲ್ಲ, ಷೋಕಿಗಾಗಿಯೂ ಅಲ್ಲ. ತನ್ನ ಭಾಷೆಯಿಂದ ದೂರ ಬದುಕುವವನಿಗೆ ಇದು ಅಗತ್ಯ, ಅದಕ್ಕಾಗಿ.

ಮಾನೇಸರ್ ಎಂದರೆ ದೆಹಲಿ–ಜೈಪುರ ಹೆದ್ದಾರಿಯ ಮೇಲಿನ ಕೈಗಾರಿಕಾ ಪಟ್ಟಣ. ಮಾರುತಿ ಸುಜುಕಿ ಕಾರು, ಹೋಂಡಾ ದ್ವಿಚಕ್ರ ವಾಹನ, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಗಳು. ಒಂದು ಕಡೆ ಎನ್‌ಎಸ್‌ಜಿ ಕಮಾಂಡೊಗಳ ನೆಲೆ, ಇನ್ನೊಂದು ಕಡೆ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ. ಹಿಂದೆ ಅರಾವಳಿಯ ಕುರುಚಲು ಗುಡ್ಡ. ಕೋಲಾರದ ನರಸಾಪುರದಲ್ಲೂ ಹೋಂಡಾ ಕಾರ್ಖಾನೆಯಿದೆ, ಬಿಡದಿಯಲ್ಲಿ ಟೊಯೊಟಾ ಇದೆ. ವಾಹನೋದ್ಯಮದಲ್ಲಿ ಕೈ ಪಳಗಿಸಿಕೊಂಡ ಕನ್ನಡದ ಹುಡುಗ ಎಂದಾದರೂ ಮಾನೇಸರಿಗೆ ಬಂದು ಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಂಥವನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಮಂಡ್ಯ ಕಡೆಯವನು, ಡಿಪ್ಲೊಮಾ ಓದಿದವನು, ಅಲಿಯರ್ ಹಳ್ಳಿಯ ಮೂರಂತಸ್ತಿನ ಕಟ್ಟಡದಲ್ಲಿ ಒಂದು ಕೋಣೆ. ದಿನವಿಡೀ ಹಿಂದಿ, ಹರಿಯಾಣ್ವಿ, ಭೋಜಪುರಿ. ಕನ್ನಡ ಕಿವಿಗೆ ಬೀಳುವುದು ಎರಡೇ ಹೊತ್ತು: ಊರಿಗೆ ಫೋನ್ ಮಾಡಿದಾಗ, ಬೆಳಿಗ್ಗೆ ಓಡುವಾಗ ಇಯರ್‌ಫೋನ್ ಹಾಕಿಕೊಂಡಾಗ. ಮೊದಲನೆಯದು ವಾರಕ್ಕೆ ಎರಡು ಸಲ. ಎರಡನೆಯದು ದಿನಾ. ದಿನಾ ಸಿಗುವ ಆ ಮುಕ್ಕಾಲು ಗಂಟೆಯ ಕನ್ನಡ ಯಾರ ಕೈಯಲ್ಲಿರಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಒಂದು ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಸೋನಿ ಕಂಪನಿ 1979ರ ಜುಲೈ 1ರಂದು ವಾಕ್‌ಮನ್ ಮಾರಾಟಕ್ಕಿಟ್ಟಿತು. ಅದಕ್ಕೂ ಒಂದು ವರ್ಷ ಮೊದಲೇ, 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಕನ್ನಡದ ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿತ್ತು. ಒಮ್ಮೆ ದುಡ್ಡು ಕೊಟ್ಟು ತಂದ ಕ್ಯಾಸೆಟ್ ಮನೆಯದಾಯಿತು. ಅಕ್ಕನ ಮದುವೆಯಾದರೆ ಅವಳ ಜೊತೆ ಹೋಯಿತು, ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ಸುತ್ತಿ ಸರಿಮಾಡಿದ್ದಾಯಿತು. ಕಂಪನಿ ಮುಚ್ಚಿತೆಂದು ಬೀರುವಿನಲ್ಲಿದ್ದ ಕ್ಯಾಸೆಟ್ಟು ಮಾಯವಾದ ಉದಾಹರಣೆಯಿಲ್ಲ.

ಆಮೇಲೆ ಬಂದ ಎಂಪಿ3 ಈ ಸ್ವಾತಂತ್ರ್ಯವನ್ನು ಕಸಿಯಲಿಲ್ಲ, ಹೆಚ್ಚಿಸಿತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ಆ ಹೆಸರನ್ನು ಆರಿಸಿಕೊಂಡದ್ದು 1995ರಲ್ಲಿ. ಎಂಪಿ3 ನುಡಿಸುವ ಅಂಗೈಯಗಲದ ಮೊದಲ ಪ್ಲೇಯರುಗಳು ಬಂದದ್ದು 1998ರಲ್ಲಿ. 2001ರ ಅಕ್ಟೋಬರಿನಲ್ಲಿ ಐಪಾಡ್ ಬಂತು. 5 ಜಿಬಿ, ಸಾವಿರ ಹಾಡು. 2005ರಲ್ಲಿ ಬಂದ ಐಪಾಡ್ ಶಫಲ್ ತೂಗುತ್ತಿದ್ದದ್ದು ಬರೀ 22 ಗ್ರಾಂ. 2017ರಲ್ಲಿ ಎಂಪಿ3ಯ ಪೇಟೆಂಟ್ ಪರವಾನಗಿ ವ್ಯವಹಾರವೂ ಮುಗಿಯಿತು. ಈಗ ಆ ರೂಪದಲ್ಲಿ ಹಾಡು ಇಟ್ಟುಕೊಳ್ಳಲು, ನುಡಿಸುವ ಯಂತ್ರ ಮಾಡಲು ಯಾರಪ್ಪನ ಅಪ್ಪಣೆಯೂ ಬೇಡ. ಇಷ್ಟೆಲ್ಲ ಹಾದಿ ಸುಗಮವಾದ ಹೊತ್ತಿಗೆ ಸರಿಯಾಗಿ ಕೇಳುಗರು ಆ ಹಾದಿಯನ್ನೇ ಬಿಟ್ಟರು. 2022ರ ಮೇ ತಿಂಗಳಲ್ಲಿ ಆ್ಯಪಲ್ ಐಪಾಡ್ ತಯಾರಿಕೆಯನ್ನೇ ನಿಲ್ಲಿಸಿತು. ಹಾಡು ಫೋನಿಗೆ ಹೋಯಿತು, ಫೋನಿನಿಂದ ಆ್ಯಪ್ಪಿಗೆ, ಆ್ಯಪ್ಪಿನಿಂದ ತಿಂಗಳ ಚಂದಾಕ್ಕೆ.

‘ಚಂದಾ’ ಎಂಬ ಪದವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕನ್ನಡದಲ್ಲಿ ಪತ್ರಿಕೆಗೆ ಚಂದಾ ಕಟ್ಟುವುದೆಂದರೆ ವರ್ಷದ ಕೊನೆಗೆ ಮನೆಯಲ್ಲಿ ಹನ್ನೆರಡು ಸಂಚಿಕೆ ಉಳಿಯುವುದು. ಚಂದಾ ನಿಲ್ಲಿಸಿದರೆ ಹದಿಮೂರನೆಯದು ಬರುವುದಿಲ್ಲ. ಬಂದ ಹನ್ನೆರಡನ್ನು ಯಾರೂ ಬಂದು ಹೊತ್ತುಕೊಂಡು ಹೋಗುವುದಿಲ್ಲ. ಮಾನೇಸರಿನ ಹಿಂದಿಯಲ್ಲಿ ಅದೇ ‘ಚಂದಾ’ ಎಂದರೆ ದೇವಸ್ಥಾನಕ್ಕೋ ಪಕ್ಷಕ್ಕೋ ಕೊಡುವ ವಂತಿಗೆ. ಕೊಟ್ಟ ಮೇಲೆ ಮರಳಿ ಏನನ್ನೂ ಕೇಳುವಂತಿಲ್ಲ. ಹಾಡಿನ ಆ್ಯಪ್ಪುಗಳು ಕನ್ನಡಿಗರಿಂದ ವಸೂಲು ಮಾಡುತ್ತಿರುವುದು ಹೆಸರಿಗೆ ಕನ್ನಡದ ಚಂದಾ, ಕೆಲಸದಲ್ಲಿ ಹಿಂದಿಯ ಚಂದಾ. ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂದಾಗ ತಿಂಗಳ ದರ 119 ರೂಪಾಯಿ. ಅದೇ ದರ ಹಿಡಿದರೂ ವರ್ಷಕ್ಕೆ 1,428, ಹತ್ತು ವರ್ಷಕ್ಕೆ 14,280. ಹನ್ನೊಂದನೆಯ ವರ್ಷ ಕಟ್ಟದಿದ್ದರೆ ಕೈಯಲ್ಲಿ ಉಳಿಯುವ ಹಾಡು ಸೊನ್ನೆ. ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೇನೆ ಎನ್ನುವವರ ಹಾಡೂ ಆ್ಯಪ್ಪಿನೊಳಗೇ ಬೀಗ ಹಾಕಿಕೊಂಡು ಕೂತಿರುತ್ತದೆ. ನಾಲ್ಕು ದಿನದ ಇಂಟರ್ನೆಟ್ ಬಂದ್‌ ಅನ್ನು ಅದು ದಾಟಿಸೀತು, ನಿಜ. ಆದರೆ ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಹಾಜರಿ ಹಾಕದಿದ್ದರೆ ಆ ಹಾಡೂ ನುಡಿಯುವುದಿಲ್ಲ.

ಬಾಡಿಗೆದಾರನನ್ನು ಎಬ್ಬಿಸುವುದು ಎಷ್ಟು ಸುಲಭ ಎಂಬುದಕ್ಕೆ ಹಿಂದಿನ ಕೆಲವು ವರ್ಷಗಳೇ ಸಾಕ್ಷಿ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೊ 2024ರ ಜನವರಿ 31ಕ್ಕೆ ಭಾರತದಲ್ಲಿ ಅಂಗಡಿ ಎತ್ತಿತು. 2014ರಿಂದ ನಡೆಯುತ್ತಿದ್ದ ವಿಂಕ್ ಮ್ಯೂಸಿಕ್ಕನ್ನು ಏರ್‌ಟೆಲ್ 2024ರಲ್ಲಿ ನಿಲ್ಲಿಸುವುದಾಗಿ ಹೇಳಿತು. ಅಂಗಡಿ ತೆರೆದಿರುವಾಗಲೂ ಸರಕಿಗೆ ಖಾತ್ರಿಯಿಲ್ಲ. 2019ರಲ್ಲಿ ದೆಹಲಿ ಹೈಕೋರ್ಟಿನ ವ್ಯಾಜ್ಯದ ನಂತರ ಸರೆಗಮ ಕಂಪನಿಯ ಹಾಡುಗಳು ಸ್ಪಾಟಿಫೈನಿಂದ ಇಳಿದವು, ಒಪ್ಪಂದವಾದ ಮೇಲೆ ಮರುವರ್ಷ ಹಿಂದಿರುಗಿದವು. 2023ರ ಮಾರ್ಚಿನಲ್ಲಿ ಝೀ ಮ್ಯೂಸಿಕ್ಕಿನ ಸರದಿ. ಇವರು ಯಾರೂ ಕಾನೂನು ಮೀರಿಲ್ಲ. ಕೇಳುಗ ಓದದೆ ಒತ್ತಿದ ಒಪ್ಪಿಗೆಯ ಗುಂಡಿಯಲ್ಲೇ ಇದೆಲ್ಲ ಇತ್ತು. ಎರಡು ಕಂಪನಿಗಳ ಜಗಳದಲ್ಲಿ ಮೂರನೆಯವನ ಕಿವಿಯಿಂದ ಹಾಡು ಇಳಿಯುತ್ತದೆ, ಅವನನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನಿದೆ: ಸಿಗುವುದು ಬರೀ ಬಳಕೆಯ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿನ ಮೇಲೆ ‘ಕೊಳ್ಳಿ’ ಎಂದು ಬರೆಯುವಂತಿಲ್ಲ. ಒಂದು ಕ್ರಿಯಾಪದವನ್ನು ಕಾಪಾಡಲು ಶಾಸನಸಭೆ ಕೂರಬೇಕಾಯಿತು. ಕೊಳ್ಳುವುದು ಎಂಬ ಮಾತು ಅಷ್ಟು ಸಡಿಲವಾಗಿತ್ತು.

ಕನ್ನಡದ ಕೇಳುಗನಿಗೆ ಇದರ ಪೆಟ್ಟು ಹೆಚ್ಚು. ಹೊಸ ಸಿನಿಮಾ ಹಾಡಿಗೆ ಯಾವ ಆ್ಯಪ್ಪಿನಲ್ಲೂ ಬರವಿಲ್ಲ. ಆದರೆ ಮಾನೇಸರಿನ ಆ ಹುಡುಗನಿಗೆ ಬೇಕಾದದ್ದು ಅದೊಂದೇ ಅಲ್ಲ. ಊರ ಹಬ್ಬದ ದಿನ ರೆಕಾರ್ಡ್ ಮಾಡಿದ ಕಂಸಾಳೆ ಬೇಕು. ಅಜ್ಜ ಕೇಳುತ್ತಿದ್ದ ಗಮಕ ಬೇಕು. ಕರಾವಳಿಯವನಾದರೆ ಇಡೀ ರಾತ್ರಿಯ ತಾಳಮದ್ದಲೆ, ಧಾರವಾಡದವನಾದರೆ ಆಕಾಶವಾಣಿಯಿಂದ ಹಿಡಿದಿಟ್ಟುಕೊಂಡ ವಚನಗಾಯನ ಬೇಕು. ಅವ್ವ ಹೇಳುವ ಸೋಬಾನೆ ಪದ ಬೇಕು. ಇವು ಯಾವ ಕಂಪನಿಯ ಪಟ್ಟಿಗೂ ಸೇರಿದವಲ್ಲ, ಸೇರುವುದೂ ಇಲ್ಲ. ಇವಕ್ಕೆ ಇರುವ ಜಾಗ ಒಂದೇ: ಕೇಳುವವನ ಸ್ವಂತ ಫೈಲು. ಆ್ಯಪ್ಪಿನಲ್ಲಿ ಇರುವುದನ್ನಷ್ಟೇ ಕೇಳುವ ರೂಢಿಗೆ ಬಿದ್ದವನು, ತನಗೆ ಗೊತ್ತಿಲ್ಲದೆಯೇ, ಆ್ಯಪ್ಪಿನಲ್ಲಿ ಇಲ್ಲದಿರುವುದನ್ನು ಮರೆಯುತ್ತಾನೆ.

ಇರುವುದಕ್ಕೂ ಸರಿಯಾದ ಹೆಸರಿಲ್ಲ. ಭಾವಗೀತೆ ಹುಡುಕಿದರೆ ಹಾಡಿದವರ ಹೆಸರು ಸಿಕ್ಕೀತು, ರಾಗ ಹಾಕಿದವರದ್ದು ಸಿಕ್ಕರೂ ಸಿಗಬಹುದು, ಕವಿಯದು ಎಷ್ಟೋ ಕಡೆ ಕಾಣುವುದೇ ಇಲ್ಲ. ಕವಿತೆಯನ್ನು ಹಾಡಾಗಿ ಕೇಳುವುದು ಕನ್ನಡದ ದೊಡ್ಡ ಅಭ್ಯಾಸ. ಅಲ್ಲಿ ಕವಿಯನ್ನೇ ಕೈಬಿಟ್ಟರೆ ಉಳಿಯುವುದೇನು? ಎಂಪಿ3 ಫೈಲಿನೊಳಗೆ ಐಡಿ3 ಎಂಬ ಚೀಟಿಯಿರುತ್ತದೆ. ಗಾಯಕರಿಗೆ ಒಂದು ಸಾಲು, ಸಂಯೋಜಕರಿಗೆ ಒಂದು, ಪದ ಬರೆದವರಿಗೇ ಬೇರೆ ಒಂದು. ಕನ್ನಡ ಲಿಪಿಯಲ್ಲೂ ಬರೆಯಬಹುದು. ಅಗ್ಗದ ಪ್ಲೇಯರುಗಳ ಪರದೆಯಲ್ಲಿ ಕನ್ನಡದ ಬದಲು ಚೌಕಗಳು ಕಾಣಿಸಬಹುದು. ಆದರೂ ಫೈಲಿನೊಳಗೆ ಬರೆದದ್ದು ಅಳಿಯುವುದಿಲ್ಲ, ಇನ್ನೊಂದು ಯಂತ್ರದಲ್ಲಿ ಓದಿಸಿಕೊಳ್ಳುತ್ತದೆ. ಸ್ವಂತ ಫೈಲಿನ ಮೇಲೆ ಬೇಂದ್ರೆಯ ಹೆಸರು ಬರೆಯುವ ಅಧಿಕಾರ ಕೇಳುಗನಿಗಿದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಅಧಿಕಾರವೂ ಇರುವುದಿಲ್ಲ.

ಇಲ್ಲಿಯವರೆಗಿನ ಮಾತಿಗೆ ಜಾಣರ ಉತ್ತರ ಸಿದ್ಧವಿದೆ. ಸರಿ, ಫೈಲು ಇಟ್ಟುಕೊಳ್ಳೋಣ, ಫೋನಿನಲ್ಲೇ ಇಟ್ಟುಕೊಳ್ಳೋಣ. ಇನ್ನೊಂದು ಯಂತ್ರ ಯಾಕೆ?

ಯಾಕೆಂದರೆ ಫೋನು ಬೇರೆಯವರದ್ದು. ದುಡ್ಡು ಕೊಟ್ಟವನು ಹುಡುಗನೇ, ಕಂತು ಕಟ್ಟುತ್ತಿರುವವನೂ ಅವನೇ. ಆದರೆ ಬೆಳಿಗ್ಗೆ ಐದೂವರೆಗೆ ಅರಾವಳಿಯ ಬುಡದಲ್ಲಿ ಓಡುತ್ತಿರುವಾಗ ಆ ಫೋನಿಗೆ ಬರುವುದು ಸೂಪರ್‌ವೈಸರನ ಮೆಸೇಜು, ಶಿಫ್ಟ್ ಬದಲಾದ ಸುದ್ದಿ, ಸಾಲದ ಆ್ಯಪ್ಪಿನ ನೆನಪೋಲೆ, ಊರ ಗುಂಪಿನಲ್ಲಿ ಯಾರದೋ ಜಗಳ. ಹಾಡು ಅರ್ಧಕ್ಕೆ ತಗ್ಗುತ್ತದೆ, ಟಣ್ ಎಂದು ಸದ್ದಾಗುತ್ತದೆ, ಕಾಲು ನಿಧಾನವಾಗುತ್ತದೆ. ಸೈಲೆಂಟ್ ಮಾಡಬಹುದಲ್ಲ ಎನ್ನುವವರು ಮಾಡಿ ನೋಡಲಿ. ಹಾಡು ಬದಲಿಸಲೆಂದು ಪರದೆ ತೆರೆದ ಬೆರಳು ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ದಿನದ ಎಂಟೋ ಹತ್ತೋ ಗಂಟೆಯನ್ನು ಕಂಪನಿಗೆ ಮಾರಿದವನಿಗೆ ಉಳಿಯುವುದು ಈ ಮುಕ್ಕಾಲು ಗಂಟೆ. ಸಿಮ್ ಇಲ್ಲದ, ಪರದೆ ಇದ್ದೂ ಇಲ್ಲದಂಥ ಒಂದು ತುಂಡು ಪ್ಲಾಸ್ಟಿಕ್ ಮಾತ್ರ ಆ ಹೊತ್ತನ್ನು ಅವನದ್ದಾಗಿಯೇ ಇಡುತ್ತದೆ. ಯಾರೂ ಕರೆಯಲಾಗದ ಯಂತ್ರ ಅದು.

ವ್ಯಾಯಾಮಕ್ಕೂ ಅದೇ ಹಿತ. ಇನ್ನೂರು ಗ್ರಾಮಿನ ಫೋನು ಚಡ್ಡಿಯ ಜೇಬಿನಲ್ಲಿ ತೊಡೆಗೆ ಬಡಿಯುವುದಕ್ಕೂ ಇಪ್ಪತ್ತು ಮೂವತ್ತು ಗ್ರಾಮಿನ ಕ್ಲಿಪ್ಪು ಬನಿಯನ್ನಿಗೆ ಸಿಕ್ಕಿಸಿಕೊಳ್ಳುವುದಕ್ಕೂ ವ್ಯತ್ಯಾಸ ಓಡಿದವರಿಗೆ ಗೊತ್ತು. ಬೆವರಿನಲ್ಲಿ ನೆನೆದು ಕೆಟ್ಟರೆ, ಗುಡ್ಡದಲ್ಲಿ ಬಿದ್ದು ಕಳೆದುಹೋದರೆ ಹೋಗುವುದು ಸಣ್ಣ ಮೊತ್ತ. ಬ್ಯಾಂಕು, ಆಧಾರ್, ಕೆಲಸದ ನಂಬರುಗಳೆಲ್ಲ ಜೊತೆಗೆ ಹೋಗುವುದಿಲ್ಲ. ಹಾಡು ಓಟಕ್ಕೆ ಬಲ ಕೊಡುತ್ತದೆ ಎಂಬುದು ಬರೀ ನಂಬಿಕೆಯಲ್ಲ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕಾಸ್ಟಸ್ ಕರಗಿಯೊರ್ಗಿಸ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಹಗುರದಿಂದ ಮಧ್ಯಮ ಮಟ್ಟದ ಶ್ರಮದಲ್ಲಿ ಸಂಗೀತ ದಣಿವಿನ ಅನುಭವವನ್ನು ತಗ್ಗಿಸುತ್ತದೆ. ನಿಮಿಷಕ್ಕೆ 120ರಿಂದ 140 ತಾಳದ ಹಾಡು ವ್ಯಾಯಾಮಕ್ಕೆ ಒಗ್ಗುತ್ತದೆ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 2000 ಮೀಟರ್ ಒಳಾಂಗಣ ವಿಶ್ವದಾಖಲೆ ಮಾಡಿದಾಗ ಧ್ವನಿವರ್ಧಕದಲ್ಲಿ ಅವರ ಓಟದ ಗತಿಗೆ ಹೊಂದುವ ಹಾಡು ಮೊಳಗುತ್ತಿತ್ತು. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ 2007ರಲ್ಲಿ ಓಟದ ಸ್ಪರ್ಧೆಗಳಲ್ಲಿ ಇಂಥ ಪ್ಲೇಯರುಗಳನ್ನು ನಿಷೇಧಿಸಿತ್ತು, ಆಮೇಲೆ ನಿಯಮ ಸಡಿಲಿಸಿತು. ಪ್ರಯೋಜನವಿಲ್ಲದ ವಸ್ತುವನ್ನು ಯಾರೂ ನಿಷೇಧಿಸುವ ಗೋಜಿಗೆ ಹೋಗುವುದಿಲ್ಲ. ಮೊದಲ ಹತ್ತು ನಿಮಿಷಕ್ಕೆ ನಿಧಾನದ್ದು, ನಡುವೆ ಜನಪದದ ಬಿರುಸಿನ ತಾಳ, ಕೊನೆಗೆ ಮತ್ತೆ ತಣ್ಣನೆಯದು ಎಂದು ತಾನೇ ಜೋಡಿಸಿಕೊಂಡ ಪಟ್ಟಿ ಮಧ್ಯೆ ದಾರಿ ತಪ್ಪುವುದಿಲ್ಲ. ಮುಂದಿನ ಹಾಡು ಯಾವುದೆಂದು ಊಹಿಸುವ ಕೆಲಸವನ್ನು ಅಲ್ಲಿ ಯಂತ್ರಕ್ಕೆ ಯಾರೂ ಕೊಟ್ಟಿಲ್ಲ.

ಎಚ್ಚರಿಕೆಯ ಮಾತು ಹೇಳದಿದ್ದರೆ ಈ ವಾದ ಅಪ್ರಾಮಾಣಿಕವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಭಾರತದ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್‌ವರೆಗೆ ಒಪ್ಪುತ್ತವೆ. ಪ್ರೆಸ್ ಶಾಪಿನಲ್ಲಿ ಕೆಲಸ ಮಾಡುವವನ ಕಿವಿ ತನ್ನ ಪಾಲಿನ ಸದ್ದನ್ನು ಅಲ್ಲೇ ಉಂಡು ಬಂದಿರುತ್ತದೆ. ಅಂಥವನು ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಒಯ್ಯಬಾರದು. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ, ಕಂಟೇನರ್ ಲಾರಿಗಳ ನಡುವೆ, ಇಯರ್‌ಫೋನ್ ಹಾಕಲೇಬಾರದು. ಅದು ಉದ್ಯಾನ, ಮೈದಾನ, ಮನೆಯ ತಾರಸಿಗೆ ಸರಿ. ಗಾಳಿ ಕೆಟ್ಟ ನವೆಂಬರ್–ಡಿಸೆಂಬರಿನ ಬೆಳಿಗ್ಗೆಗಳಲ್ಲಂತೂ ಓಟವನ್ನೇ ಬಿಟ್ಟು ಕೋಣೆಯೊಳಗೆ ದಂಡೆ ಹೊಡೆಯುವುದು ಒಳ್ಳೆಯದು. ಪ್ಲೇಯರಿಗೆ ಅದೂ ಆದೀತು.

ಉಳಿದದ್ದು ಗಟ್ಟಿ ಆಕ್ಷೇಪ: ಫೈಲನ್ನು ತರುವುದು ಎಲ್ಲಿಂದ? ಮೊಬೈಲ್ ಅಂಗಡಿಯವನಿಗೆ ಐವತ್ತು ರೂಪಾಯಿ ಕೊಟ್ಟು ಕಾರ್ಡ್ ತುಂಬಿಸಿಕೊಳ್ಳುವುದು ದೇಶದ ತುಂಬ ನಡೆದ ರೂಢಿ. ಅದರಲ್ಲಿ ಹಾಡಿದವರಿಗೆ ಬಿಡಿಗಾಸೂ ಹೋಗುವುದಿಲ್ಲ. ಅದನ್ನು ಸಮರ್ಥಿಸುವ ಅಗತ್ಯ ಈ ವಾದಕ್ಕಿಲ್ಲ. ಮನೆಯಲ್ಲಿರುವ ಸಿ.ಡಿ.ಗಳಿವೆ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಸ್ವಂತ ಬಳಕೆಯ ನ್ಯಾಯಯುತ ಉಪಯೋಗಕ್ಕೆ ಅವಕಾಶ ಕೊಡುತ್ತದೆ. ಮನೆಯವರ ದನಿಯ ರೆಕಾರ್ಡಿಂಗ್ ಮನೆಯದೇ. ಆದರೆ ಹೊಸ ಹಾಡನ್ನು ದುಡ್ಡು ಕೊಟ್ಟು ಫೈಲಾಗಿ ಕೊಳ್ಳಬೇಕೆಂದರೆ ಕನ್ನಡದಲ್ಲಿ ದಾರಿ ಕಿರಿದು. ಇಲ್ಲಿ ತಪ್ಪು ಕೇಳುಗನದ್ದಲ್ಲ, ಮಾರದವರದ್ದು.

ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಹೆಸರಿನಲ್ಲಿ ಎಂಪಿ3 ಅಂಗಡಿ ತೆರೆದಿತ್ತು. ಹಾಡಿಗಿಷ್ಟು ಎಂದು ಕೊಟ್ಟರೆ ಬೀಗವಿಲ್ಲದ ಫೈಲು. 2013ರ ಜೂನಿನಲ್ಲಿ ಅದು ಮುಚ್ಚಿತು. ಭಾರತದಲ್ಲಿ ಹಾಡಿಗೆ ದುಡ್ಡು ಕೊಡುವವರಿಲ್ಲ ಎಂಬ ಮಾತು ಆಗ ಎಲ್ಲೆಡೆ ಕೇಳಿತು. ಆದರೆ ಗಮನಿಸಬೇಕಾದ್ದು ಬೇರೆಯೇ ಇದೆ: ಅಂಗಡಿ ಮುಚ್ಚಿದರೂ, ಕೊಂಡು ಇಳಿಸಿಕೊಂಡವರ ಫೈಲು ಇಂದಿಗೂ ನುಡಿಯುತ್ತದೆ. ಇನ್ನು ದುಡ್ಡು ಕೊಡುವವರಿಲ್ಲ ಎಂಬ ಮಾತನ್ನು 2017ರಲ್ಲಿ ಸರೆಗಮದ ‘ಕಾರವಾನ್’ ಸುಳ್ಳು ಮಾಡಿತು. 5,000 ಹಳೆಯ ಹಾಡು ತುಂಬಿದ ಆ ಪೆಟ್ಟಿಗೆಯನ್ನು ಜನ ಸಾವಿರಾರು ರೂಪಾಯಿ ಕೊಟ್ಟು ಅಪ್ಪ ಅಮ್ಮಂದಿರಿಗೆ ತಂದುಕೊಟ್ಟರು. ಕನ್ನಡದ ಕಾರವಾನ್ ಕೂಡ ಬಂತು. ಇಂಟರ್ನೆಟ್ ಬೇಡದ, ಜಾಹೀರಾತು ಬಾರದ, ಕೈಗೆ ಸಿಗುವ ಹಾಡಿಗೆ ಜನ ಕಾಸು ಬಿಚ್ಚುತ್ತಾರೆ. ಕನ್ನಡದ ಆಡಿಯೊ ಕಂಪನಿಗಳು ಇದನ್ನು ನೋಡಿಯೂ ತಿಂಗಳ ಬಾಡಿಗೆಯ ಚೂರುಪಾರಿಗೆ ಕೈಯೊಡ್ಡಿ ಕೂತಿವೆ. ಒಂದು ಭಾವಗೀತೆ ಸಂಕಲನವನ್ನು ಕವಿಯ ಹೆಸರಿನ ಸಮೇತ, ಸಾಹಿತ್ಯದ ಪುಟದ ಸಮೇತ, ಸಿ.ಡಿ.ಯ ಬೆಲೆಗೆ ಫೈಲಾಗಿ ಮಾರಿದರೆ ಅವುಗಳ ಗಂಟೇನೂ ಹೋಗುವುದಿಲ್ಲ. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದ ದಿನ ಊಟದ ಪಕ್ಕ ಒಂದು ಮೇಜು ಹಾಕಿ ಇಂಥ ಫೈಲುಗಳನ್ನು ಮಾರಿಸಬಹುದು. ಶಾಲು ಹಾರದ ಖರ್ಚಿಗಿಂತ ಅದು ಕನ್ನಡಕ್ಕೆ ಹೆಚ್ಚು ದಿನ ಬಾಳುತ್ತದೆ.

ಇನ್ನು ಲೆಕ್ಕ. 128 ಕಿಲೊಬಿಟ್ ಗುಣಮಟ್ಟದ ಎಂಪಿ3 ನಿಮಿಷಕ್ಕೆ ಸುಮಾರು ಒಂದು ಎಂಬಿ. ಐದು ನಿಮಿಷದ ಹಾಡಿಗೆ ಐದು ಎಂಬಿ. 32 ಜಿಬಿ ಕಾರ್ಡಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಹಾಡು, ಅಂದರೆ 500 ಗಂಟೆಗೂ ಮೀರಿ. ದಿನಕ್ಕೊಂದು ಗಂಟೆಯಂತೆ ಕೇಳಿದರೂ ಒಂದೇ ಹಾಡು ಮರಳಿ ಬರಲು ಒಂದೂವರೆ ವರ್ಷ ಬೇಕು. ನಿಜದಲ್ಲಿ ಯಾರಿಗೂ ಅಷ್ಟು ಬೇಡ. ಮನುಷ್ಯ ಮತ್ತೆ ಮತ್ತೆ ಕೇಳುವುದು ಇನ್ನೂರು ಮುನ್ನೂರು ಹಾಡು. ಕೋಟಿಗಟ್ಟಲೆ ಹಾಡು ಕೊಡುತ್ತೇವೆ ಎಂಬ ಆಮಿಷಕ್ಕೆ ಆ ಇನ್ನೂರನ್ನು ಒತ್ತೆಯಿಟ್ಟದ್ದು ಈ ವ್ಯಾಪಾರದ ಒಟ್ಟು ಕಥೆ. ಹೊಸದನ್ನು ಹುಡುಕಲು ಆ್ಯಪ್ ಇರಲಿ, ಸಂತೆಗೆ ಹೋಗಿ ನೋಡಿ ಬಂದಂತೆ. ಮೆಚ್ಚಿದ್ದನ್ನು ಮಾತ್ರ ಮನೆಗೆ ತರಬೇಕು.

ಆ ಹುಡುಗ ವಾರದ ರಜೆಯ ದಿನ ಕರೋಲ್ ಬಾಗಿನ ಗಫಾರ್ ಮಾರ್ಕೆಟ್ಟಿಗೋ ನೆಹರೂ ಪ್ಲೇಸಿಗೋ ಹೋದರೆ ಅವನ ಜೇಬಿಗೆ ಒಗ್ಗುವ ಪ್ಲೇಯರ್ ಸಿಗುತ್ತದೆ. ಕೊಳ್ಳುವಾಗ ಮೂರು ವಿಷಯ ನೋಡಿದರೆ ಸಾಕು: ಮೆಮೊರಿ ಕಾರ್ಡ್ ಹಾಕುವ ಜಾಗ, ಪರದೆ ನೋಡದೆ ಒತ್ತಬಹುದಾದ ಗುಂಡಿ, ತಂತಿಯ ಇಯರ್‌ಫೋನಿಗೆ ತೂತು. ಫೈಲುಗಳ ಇನ್ನೊಂದು ಪ್ರತಿ ಬೇರೆಡೆ ಇರಬೇಕು; ಕಾರ್ಡುಗಳು ಹೇಳದೆ ಕೆಡುತ್ತವೆ. ಊರಿಗೆ ಹೋದಾಗ ಅವ್ವನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ, ಆ ಸೋಬಾನೆ ಪದವನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಅದಕ್ಕೆ ಹೆಸರು ಹಾಕುವಾಗ ಹಾಡಿದವರು ಎಂಬಲ್ಲಿ ಅವಳ ಪೂರ್ತಿ ಹೆಸರು ಬರೆಯಬೇಕು.

ಇದನ್ನು ಓದುತ್ತಿರುವವರೂ ಚಂದಾದಾರರೇ. ಈ ಪತ್ರ ನಾಳೆ ನಿಂತರೂ, ಇಂದು ಬಂದ ಪ್ರತಿ ಅವರ ಅಂಚೆಪೆಟ್ಟಿಗೆಯಲ್ಲಿ ಉಳಿಯುತ್ತದೆ. ಬೇಕೆಂದರೆ ಇಳಿಸಿ ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಚಂದಾ ಅಂದರೆ ಹೀಗಿರಬೇಕು. ಹಾಡಿನವರಿಂದಲೂ ಇಷ್ಟನ್ನೇ ಕೇಳಬೇಕು. ಅವರು ಕೊಡುವವರೆಗೂ ಮಾನೇಸರಿನ ಆ ಹುಡುಗ ತನ್ನ ಇನ್ನೂರು ಹಾಡನ್ನು ತಾನೇ ಕಾಯ್ದುಕೊಳ್ಳಬೇಕು.